ಮಸೀದಿಯ ಮುಂದೆ ದೊಣ್ಣೆ, ಊರ ನಡುವೆ ಕಲ್ಲು

2025ರ ಏಪ್ರಿಲ್‌ನಲ್ಲಿ ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ತಾವರೆಕೆರೆಯಲ್ಲಿ ಗಂಡನೊಬ್ಬ ಹೆಂಡತಿಯ ಮೇಲೆ ದೂರು ಕೊಟ್ಟ. ಕೊಟ್ಟಿದ್ದು ಪೊಲೀಸ್ ಠಾಣೆಗಲ್ಲ, ಕೋರ್ಟಿಗೂ ಅಲ್ಲ, ಮಸೀದಿಗೆ. ಮನೆಗೆ ಬಂದುಹೋದವರ ವಿಚಾರದಲ್ಲಿ ಅವನಿಗೆ ಅನುಮಾನ. ಆಕೆಯನ್ನು ಕರೆಸಿದರು. ಮಸೀದಿಯ ಮುಂದೆಯೇ ಗಂಡಸರ ಗುಂಪು ದೊಣ್ಣೆ, ಪೈಪು ಹಿಡಿದು ಹೊಡೆಯಿತು. ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೊ ನಾಲ್ಕೈದು ದಿನಗಳಲ್ಲಿ ರಾಜ್ಯವನ್ನೆಲ್ಲ ಸುತ್ತಿತು. ಆಮೇಲೆ ಕೊಲೆ ಯತ್ನದ ಪ್ರಕರಣ ದಾಖಲಾಗಿ ಆರು ಮಂದಿಯ ಬಂಧನವಾಯಿತು.

ಕೋಲಾರ ಜಿಲ್ಲೆಯ ನಮ್ಮ ಬಂಗಾರಪೇಟೆಯಲ್ಲೂ ಕೆಜಿಎಫ್‌ನಲ್ಲೂ ಆ ದಿನಗಳಲ್ಲಿ ಎರಡು ಮಾತು ಓಡಾಡುತ್ತಿದ್ದವು. ‘ನೋಡಿ, ಷರಿಯತ್ ಬಂದೇ ಬಿಟ್ಟಿತು, ಇವತ್ತು ದೊಣ್ಣೆ, ನಾಳೆ ಅಫ್ಗಾನಿಸ್ತಾನದ ಹಾಗೆ ಕಲ್ಲು ಹೊಡೆದು ಕೊಲ್ಲುತ್ತಾರೆ’ ಎನ್ನುವುದು ಒಂದು. ‘ಇದಕ್ಕೂ ಇಸ್ಲಾಮಿಗೂ ಸಂಬಂಧವೇ ಇಲ್ಲ, ಷರಿಯತ್ತಿನಲ್ಲಿ ಆ ಶಿಕ್ಷೆಗೆ ಎಷ್ಟೊಂದು ಷರತ್ತುಗಳಿವೆ ಗೊತ್ತಾ’ ಎನ್ನುವುದು ಇನ್ನೊಂದು. ಎರಡೂ ಆ ಹೆಣ್ಣುಮಗಳನ್ನು ಬಿಟ್ಟು ಬೇರೆಲ್ಲವನ್ನೂ ಮಾತಾಡುವ ಮಾತುಗಳು. ಎರಡಕ್ಕೂ ಉತ್ತರ ಕೊಡಬೇಕು, ಅದನ್ನು ಬಾಯಿಬಿಟ್ಟು ಕೊಡಬೇಕು ಎಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ಷರತ್ತುಗಳ ಮಾತು. ಮದುವೆಯಾದವರು ವ್ಯಭಿಚಾರ ಮಾಡಿದರೆ ಕಲ್ಲು ಹೊಡೆದು ಕೊಲ್ಲುವುದನ್ನು ‘ರಜ್ಮ್’ ಎನ್ನುತ್ತಾರೆ. ಸುನ್ನಿಗಳ ನಾಲ್ಕೂ ನ್ಯಾಯಪಂಥಗಳು, ಶಿಯಾ ಪಂಥವೂ ಇದನ್ನು ಶತಮಾನಗಳಿಂದ ಒಪ್ಪಿಕೊಂಡು ಬಂದಿವೆ. ಇದನ್ನು ಮರೆಮಾಚುವುದರಲ್ಲಿ ಅರ್ಥವಿಲ್ಲ. ಆದರೆ ಕುರ್‌ಆನ್‌ನಲ್ಲಿ ಈ ಶಿಕ್ಷೆ ಇಲ್ಲ. 24ನೇ ಅಧ್ಯಾಯದ 2ನೇ ವಚನ ವ್ಯಭಿಚಾರಕ್ಕೆ ಹೇಳುವುದು ನೂರು ಛಡಿಯೇಟು. ಕಲ್ಲಿನ ಶಿಕ್ಷೆಗೆ ಆಧಾರ ಪ್ರವಾದಿಯ ನಡೆನುಡಿಗಳ ವರದಿಗಳಾದ ಹದೀಸ್‌ಗಳು, ಜೊತೆಗೆ ಖಲೀಫ ಉಮರ್ ಹೇಳಿದರೆನ್ನಲಾದ ಮಾತು. ಇನ್ನೂ ಒಂದು ತೊಡಕಿದೆ. 4ನೇ ಅಧ್ಯಾಯದ 25ನೇ ವಚನದ ಪ್ರಕಾರ, ಮದುವೆಯಾದ ದಾಸಿ ತಪ್ಪು ಮಾಡಿದರೆ ಆಕೆಗೆ ಸ್ವತಂತ್ರ ಸ್ತ್ರೀಯರಿಗಿರುವ ಶಿಕ್ಷೆಯ ಅರ್ಧ. ನೂರು ಏಟಿನ ಅರ್ಧ ಐವತ್ತು. ಕಲ್ಲೇಟಿನ ಸಾವಿಗೆ ಅರ್ಧ ಯಾವುದು? ಈ ಪ್ರಶ್ನೆಯನ್ನು ಇಸ್ಲಾಮಿನ ಶತ್ರುಗಳು ಹುಟ್ಟಿಸಿದ್ದಲ್ಲ, ಮುಸ್ಲಿಂ ವಿದ್ವಾಂಸರೇ ಕೇಳುತ್ತ ಬಂದಿದ್ದಾರೆ. ಈಜಿಪ್ಟಿನ ದೊಡ್ಡ ನ್ಯಾಯಶಾಸ್ತ್ರಜ್ಞ ಮುಹಮ್ಮದ್ ಅಬೂ ಜಹ್ರಾ 1972ರಲ್ಲಿ ಲಿಬಿಯಾದ ಸಮ್ಮೇಳನವೊಂದರಲ್ಲಿ, ಇದು ಯಹೂದಿ ಕಾನೂನಿನಿಂದ ಉಳಿದು ಬಂದದ್ದು, 24ನೇ ಅಧ್ಯಾಯ ಬಂದ ಮೇಲೆ ರದ್ದಾಯಿತು ಎಂದು ಎದ್ದುನಿಂತು ಹೇಳಿದರು. ಅಲ್ಲಿದ್ದ ವಿದ್ವಾಂಸರು ಅವರ ಮೇಲೆ ಮುಗಿಬಿದ್ದರು. 1981ರಲ್ಲಿ ಪಾಕಿಸ್ತಾನದ ಫೆಡರಲ್ ಷರಿಯತ್ ನ್ಯಾಯಾಲಯವೇ ರಜ್ಮ್ ಇಸ್ಲಾಮಿಗೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಜನರಲ್ ಜಿಯಾ ಆ ನ್ಯಾಯಾಲಯದ ರಚನೆಯನ್ನೇ ಬದಲಿಸಿದರು. ಮರುವರ್ಷ ತೀರ್ಪು ತಿರುಗುಮುರುಗಾಯಿತು. ದೇವರ ಕಾನೂನು ಎಂದು ಜನರಿಗೆ ಒಪ್ಪಿಸಿದ್ದರ ಹಿಂದೆ ಒಬ್ಬ ಸೈನಿಕ ಸರ್ವಾಧಿಕಾರಿಯ ರುಜು ಇತ್ತು.

‘ಷರತ್ತುಗಳು ಬಹಳ ಕಠಿಣ’ ಎನ್ನುವುದು ನಿಜವೇ. ಕೃತ್ಯವನ್ನೇ ಕಣ್ಣಾರೆ ಕಂಡ ನಾಲ್ವರು ಗಂಡಸರ ಸಾಕ್ಷಿ ಬೇಕು. ಸಾಕ್ಷಿ ತರಲಾರದೆ ಹೆಣ್ಣಿನ ಮೇಲೆ ಅಪವಾದ ಹೊರಿಸಿದವನಿಗೆ ಎಂಬತ್ತು ಛಡಿಯೇಟು. ತಪ್ಪೊಪ್ಪಿಗೆಯನ್ನು ಕೊನೆಯ ಗಳಿಗೆಯಲ್ಲೂ ಹಿಂತೆಗೆದುಕೊಳ್ಳಬಹುದು. ಸಂಶಯವಿದ್ದರೆ ಶಿಕ್ಷೆ ಕೈಬಿಡಬೇಕು. ಒಟ್ಟೋಮನ್ ಆಳ್ವಿಕೆಯಲ್ಲಿ ಇಸ್ತಾಂಬುಲ್ಲಿನಲ್ಲಿ ನಡೆದ ಇಂಥ ಶಿಕ್ಷೆಯೆಂದರೆ ಇತಿಹಾಸಕಾರರು ತೋರಿಸುವುದು 1680ರ ಒಂದನ್ನು. ಹಳೆಯ ಖಾಜಿಗಳು, ಎಂದರೆ ಷರಿಯತ್ತಿನ ನ್ಯಾಯಾಧೀಶರು, ಈ ಶಿಕ್ಷೆಗೆ ಹೆದರುತ್ತಿದ್ದರು, ಅದನ್ನು ತಪ್ಪಿಸುವ ದಾರಿ ಹುಡುಕುತ್ತಿದ್ದರು. ಅದು ಅವರ ದೊಡ್ಡತನ.

ಆದರೆ ಮೌಲಾನಾ ಸಾಹೇಬರೇ, ಆ ಖಾಜಿಗಳು ಇವತ್ತು ಎಲ್ಲಿದ್ದಾರೆ? 2008ರ ಅಕ್ಟೋಬರ್‌ನಲ್ಲಿ ಸೊಮಾಲಿಯಾದ ಕಿಸ್ಮಾಯೊ ಪಟ್ಟಣದ ಕ್ರೀಡಾಂಗಣದಲ್ಲಿ ಉಗ್ರ ಸಂಘಟನೆ ಅಲ್ ಶಬಾಬ್‌ನವರು ಕಲ್ಲು ಹೊಡೆದು ಕೊಂದದ್ದು 13 ವರ್ಷದ ಹುಡುಗಿಯನ್ನು. ಮೂವರು ತನ್ನ ಮೇಲೆ ಅತ್ಯಾಚಾರ ಮಾಡಿದರು ಎಂದು ದೂರು ಕೊಡಲು ಬಂದವಳು ಅವಳು. ಜಿಯಾ ತಂದ 1979ರ ಹುದೂದ್ ಕಾನೂನಿನಡಿ ಪಾಕಿಸ್ತಾನದಲ್ಲಿ ಅತ್ಯಾಚಾರಕ್ಕೊಳಗಾದ ಹೆಂಗಸರ ದೂರನ್ನೇ ತಪ್ಪೊಪ್ಪಿಗೆ ಎಂದು ತೆಗೆದುಕೊಂಡರು, ಬಸಿರನ್ನೇ ಸಾಕ್ಷಿ ಮಾಡಿದರು. 2002ರಲ್ಲಿ ನೈಜೀರಿಯಾದ ಅಮೀನಾ ಲವಾಲ್‌ಗೆ ಕಲ್ಲಿನ ಶಿಕ್ಷೆ ಬಿದ್ದದ್ದೂ ಬಸಿರಿನ ಆಧಾರದಲ್ಲೇ. ಜಗತ್ತೆಲ್ಲ ಕೂಗಿದ ಮೇಲೆ 2003ರಲ್ಲಿ ಮೇಲ್ಮನವಿ ನ್ಯಾಯಾಲಯ ಆಕೆಯನ್ನು ಬಿಟ್ಟಿತು. ಗಂಡಸಿಗೆ ಬಸಿರಿಲ್ಲ, ಆದ್ದರಿಂದ ಅವನ ವಿರುದ್ಧ ಸಾಕ್ಷಿಯೂ ಇಲ್ಲ. ಹೆಣ್ಣಿನ ರಕ್ಷಣೆಗೆಂದು ಕಟ್ಟಿದ ನಾಲ್ಕು ಸಾಕ್ಷಿಗಳ ಕೋಟೆ ಕೊನೆಗೆ ಕಾದದ್ದು ಗಂಡಸನ್ನು. ಇರಾನಿನ ದಂಡಸಂಹಿತೆ ಕಲ್ಲಿನ ಗಾತ್ರವನ್ನೂ ನಿಗದಿ ಮಾಡಿತ್ತು: ಒಂದೆರಡು ಏಟಿಗೆ ಸಾಯುವಷ್ಟು ದೊಡ್ಡದಿರಕೂಡದು, ಕಲ್ಲು ಎನ್ನಲಾಗದಷ್ಟು ಸಣ್ಣದೂ ಇರಕೂಡದು. ಗಂಡಸನ್ನು ಸೊಂಟದವರೆಗೆ, ಹೆಂಗಸನ್ನು ಎದೆಯವರೆಗೆ ಹೂಳಬೇಕು. ಇದನ್ನು ಕುಳಿತು ಬರೆದವರು ಓದಿಕೊಂಡವರು. 2024ರ ಮಾರ್ಚ್‌ನಲ್ಲಿ ತಾಲಿಬಾನ್ ಮುಖ್ಯಸ್ಥ ಅಖುಂದ್‌ಜಾದಾ ಹೆಂಗಸರನ್ನು ಸಾರ್ವಜನಿಕವಾಗಿ ಕಲ್ಲು ಹೊಡೆದು ಕೊಲ್ಲುತ್ತೇವೆ ಎಂದು ಸಾರಿದ. ಇಷ್ಟಾದ ಮೇಲೂ ‘ಷರತ್ತು ಕಠಿಣ, ಆದ್ದರಿಂದ ಶಿಕ್ಷೆ ಪುಸ್ತಕದಲ್ಲಿದ್ದರೆ ತೊಂದರೆಯಿಲ್ಲ’ ಎನ್ನುವುದು ಮನುಷ್ಯರು ಆಡುವ ಮಾತಲ್ಲ. ಪುಸ್ತಕದಲ್ಲಿ ಇರುವವರೆಗೆ ಅದನ್ನು ಎತ್ತಿಕೊಳ್ಳುವ ಕೈ ಒಂದಲ್ಲ ಒಂದು ದಿನ ಬಂದೇ ಬರುತ್ತದೆ.

ತಾವರೆಕೆರೆಯಲ್ಲಿ ಯಾವ ಖಾಜಿಯೂ ಕುಳಿತಿರಲಿಲ್ಲ. ನಾಲ್ಕಿರಲಿ, ಒಂದು ಸಾಕ್ಷಿಯೂ ಇರಲಿಲ್ಲ. ಅವರು ನಂಬುವ ಷರಿಯತ್ತಿನ ಪ್ರಕಾರವೇ ನೋಡಿದರೂ ಆಕೆಯನ್ನು ಹೊಡೆಯುವ ಅಧಿಕಾರ ಅವರಿಗಿರಲಿಲ್ಲ. ಹಾಗಿದ್ದೂ ಅವರಿಗೆ ಕೈಯೆತ್ತುವ ಧೈರ್ಯ ಎಲ್ಲಿಂದ ಬಂತು? ಹೆಣ್ಣಿನ ನಡತೆಗೆ ಶಿಕ್ಷೆ ಕೊಡುವುದು ಸಮುದಾಯದ ಹಕ್ಕು ಎಂದು ತಲೆತಲಾಂತರದಿಂದ ಕೇಳಿಸಿಕೊಂಡು ಬೆಳೆದದ್ದರಿಂದ. ಆ ಪಾಠವನ್ನು ಅಳಿಸಬೇಕಾದವರು ನೀವು. ‘ಇದು ಇಸ್ಲಾಂ ಅಲ್ಲ’ ಎಂದರೆ ಸಾಲದು. ‘ರಜ್ಮ್ ನಮಗೆ ಬೇಡ, ಅದು ತಪ್ಪು, ಯಾವ ದೇಶದಲ್ಲೂ ಯಾವ ಷರತ್ತಿನ ಮೇಲೂ ಬೇಡ’ ಎಂದು ಶುಕ್ರವಾರದ ಪ್ರವಚನವಾದ ಖುತ್ಬಾದಲ್ಲಿ ಹೇಳಬೇಕು. ಹಾಸನದ ಲೇಖಕಿ ಬಾನು ಮುಷ್ತಾಕ್ ಹೆಂಗಸರಿಗೂ ಮಸೀದಿಯ ಪ್ರವೇಶ ಬೇಕೆಂದು 2000ದ ಸುಮಾರಿಗೆ ಕೇಳಿದ್ದಕ್ಕೆ ಬಹಿಷ್ಕಾರ ಅನುಭವಿಸಿದರು. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕರ್ ತಮ್ಮ ಸಮುದಾಯದ ಹೆಂಗಸರ ನೋವನ್ನು ಬರೆದು ಬೈಗುಳ ತಿಂದರು. ಕನ್ನಡದ ಮುಸ್ಲಿಂ ಹೆಂಗಸರು ಒಂಟಿಯಾಗಿ ನಿಂತು ಹೇಳಿದ್ದನ್ನು ಗಡ್ಡಬಿಟ್ಟ ವಿದ್ವಾಂಸರು ಗುಂಪಾಗಿ ನಿಂತಾದರೂ ಹೇಳಲಾರರೆ?

ಈಗ ‘ಷರಿಯತ್ ಬಂದೇ ಬಿಟ್ಟಿತು’ ಎಂದವರ ಕಡೆಗೆ. ಭಾರತದಲ್ಲಿ ಇಸ್ಲಾಮಿನ ದಂಡ ಕಾನೂನು ಇಲ್ಲವಾಗಿ ಒಂದೂವರೆ ಶತಮಾನ ದಾಟಿದೆ. ಈಸ್ಟ್ ಇಂಡಿಯಾ ಕಂಪನಿಯ ಕೋರ್ಟುಗಳು ಅದನ್ನು ಮೊದಲು ತಿದ್ದಿದವು. 1860ರಲ್ಲಿ ಬಂದ ದಂಡಸಂಹಿತೆ ಅದನ್ನು ಪೂರಾ ತೆಗೆದುಹಾಕಿತು. 1937ರ ಷರಿಯತ್ ಕಾಯ್ದೆ ಮದುವೆ, ತಲಾಖ್, ಆಸ್ತಿಯ ಹಂಚಿಕೆಯಂಥ ವಿಷಯಗಳಿಗೆ ಮಾತ್ರ. ಫತ್ವಾಗೂ ದಾರುಲ್ ಖಜಾ ಎಂಬ ಷರಿಯತ್ ಪಂಚಾಯಿತಿಗಳ ತೀರ್ಮಾನಕ್ಕೂ ಕಾನೂನಿನ ಬಲವಿಲ್ಲ ಎಂದು 2014ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಖಚಿತವಾಗಿ ಹೇಳಿದೆ. ಹೈದರಾಲಿ ಹುಟ್ಟಿದ ಬೂದಿಕೋಟೆ ನಮ್ಮ ಬಂಗಾರಪೇಟೆ ತಾಲ್ಲೂಕಿನಲ್ಲೇ ಇದೆ. ಅಲ್ಲಿನ ಮುಸ್ಲಿಮನೂ ಪಕ್ಕದ ಮನೆಯ ಒಕ್ಕಲಿಗನೂ ಒಂದೇ ಭಾರತೀಯ ನ್ಯಾಯ ಸಂಹಿತೆಗೆ ಒಳಪಟ್ಟವರು. ಯಾರ ಮನೆಬಾಗಿಲಿಗೂ ರಜ್ಮ್ ಬಂದಿಲ್ಲ.

ಆದರೆ ಕಲ್ಲು ಬಂದಿದೆ. ಕರ್ನಾಟಕದಲ್ಲಿ ಗಂಡು ಹೆಣ್ಣು ಇಬ್ಬರನ್ನು ಹಾಡಹಗಲೇ ಕಲ್ಲಿನಿಂದ ಜಜ್ಜಿ ಕೊಂದ ಘಟನೆ ನಡೆದಿದೆ. 2019ರ ನವೆಂಬರ್, ಗದಗ ಜಿಲ್ಲೆ ಗಜೇಂದ್ರಗಡ ತಾಲ್ಲೂಕಿನ ಲಕ್ಕಲಕಟ್ಟಿ. ಹುಡುಗ ಮಾದಿಗ, ಹುಡುಗಿ ಲಂಬಾಣಿ. ಪ್ರೀತಿಸಿ ಮದುವೆಯಾಗಿ ಊರು ಬಿಟ್ಟು ದುಡಿದು ಬದುಕುತ್ತಿದ್ದರು, ಇಬ್ಬರು ಮಕ್ಕಳಿದ್ದರು. ವರ್ಷಗಳು ಕಳೆದವು, ಇನ್ನು ಸಿಟ್ಟು ಇಳಿದಿರಬಹುದು ಎಂದುಕೊಂಡು ದೀಪಾವಳಿಗೆ ಊರಿಗೆ ಬಂದರು. ಹುಡುಗಿಯ ಕಡೆಯವರು ಕಲ್ಲು ಹೊತ್ತು ಬಂದರು. 2025ರ ಜನವರಿಯಲ್ಲಿ ಗದಗಿನ ನ್ಯಾಯಾಲಯ ನಾಲ್ವರಿಗೆ ಮರಣದಂಡನೆ ವಿಧಿಸಿತು. ನನಗೆ ಮರಣದಂಡನೆಯಲ್ಲಿ ನಂಬಿಕೆಯಿಲ್ಲ, ಆ ಮಾತು ಬೇರೆ. ನಾನು ಕೇಳುವುದು ಇಷ್ಟೇ: ಆಗ ನಮ್ಮ ಬೀದಿಗಳಲ್ಲಿ ಯಾರು ‘ತಾಲಿಬಾನ್’ ಎಂದು ಕೂಗಿದರು? ಆ ಕೊಲೆಗಾರರ ಧರ್ಮದ ಹೆಸರು ಹಿಡಿದು ಯಾವ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಚರ್ಚೆಯಾಯಿತು?

ಅಷ್ಟು ದೂರ ಏಕೆ ಹೋಗಬೇಕು. 2023ರ ಜೂನ್‌ನಲ್ಲಿ ನಮ್ಮ ತಾಲ್ಲೂಕಿನ ಬೋಡಗುರ್ಕಿಯಲ್ಲಿ, ಕಾಮಸಮುದ್ರ ಠಾಣೆಯ ವ್ಯಾಪ್ತಿಯಲ್ಲಿ, ದಲಿತ ಹುಡುಗನನ್ನು ಪ್ರೀತಿಸಿದ ಇಪ್ಪತ್ತರ ಮಗಳನ್ನು ಕತ್ತು ಹಿಸುಕಿ ಕೊಂದ ಆರೋಪದ ಮೇಲೆ ತಂದೆಯನ್ನೇ ಪೊಲೀಸರು ಬಂಧಿಸಿದರು. ಸುದ್ದಿ ತಿಳಿದ ಹುಡುಗ ರೈಲಿಗೆ ತಲೆಕೊಟ್ಟ. ಎರಡು ಮನೆಗಳಲ್ಲಿ ಎರಡು ಹೆಣ. ಪತ್ರಿಕೆಗಳಲ್ಲಿ ಎರಡು ದಿನ ‘ಮರ್ಯಾದೆಗೇಡು ಹತ್ಯೆ’ ಎಂದು ಬಂತು, ಮೂರನೆಯ ದಿನದಿಂದ ಊರು ಬೇರೆ ಮಾತಿಗೆ ಹೋಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬೆಳಗಾವಿಯ ವಂಟಮೂರಿಯಲ್ಲಿ ಮಗ ಪ್ರೀತಿಸಿದವಳ ಜೊತೆ ಹೋದನೆಂದು ತಾಯಿಯನ್ನು ಬೆತ್ತಲೆ ಮಾಡಿ ಕಂಬಕ್ಕೆ ಕಟ್ಟಿದರು. ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು, ಸುತ್ತ ನಿಂತು ನೋಡಿದವರ ಬಗ್ಗೆ ಖಾರವಾಗಿ ಮಾತಾಡಿತು. ಹತ್ತಾರು ಜನರ ನಡುವೆ ಬಿಡಿಸಲು ಹೋದದ್ದು ಒಬ್ಬನೇ, ಅವನಿಗೂ ಏಟು ಬಿತ್ತು.

ಮಸೀದಿಯ ಮುಂದೆ ಹೊಡೆದವನನ್ನು ಧರ್ಮದ ಹೆಸರಿನಲ್ಲಿ ಗುರುತಿಸಿ, ಮನೆಯೊಳಗೆ ಕತ್ತು ಹಿಸುಕಿದವನನ್ನು ‘ನೊಂದ ತಂದೆ’ ಎಂದು ಕರೆಯುವವನಿಗೆ ಹೆಣ್ಣಿನ ಬಗ್ಗೆ ಕಾಳಜಿಯಿಲ್ಲ. ಅವನಿಗೆ ಬೇಕಾದದ್ದು ಮುಸ್ಲಿಮರನ್ನು ಬೈಯಲು ಒಂದು ಕಾರಣ. ಹಾಗೆಯೇ, ಲಕ್ಕಲಕಟ್ಟಿಯನ್ನು ತೋರಿಸಿ ತಾವರೆಕೆರೆಯನ್ನು ಮುಚ್ಚಲು ಹೊರಡುವ ನಮ್ಮ ಪ್ರಗತಿಪರ ಗೆಳೆಯರೂ ಆ ಹೆಂಗಸಿಗೆ ಮೋಸ ಮಾಡುತ್ತಿದ್ದಾರೆ. ‘ಅವರಲ್ಲೂ ಇದೆ’ ಎಂದರೆ ನಮ್ಮಲ್ಲಿರುವುದು ಸರಿಹೋಗುವುದಿಲ್ಲ. ‘ಈಗ ಮಾತಾಡಿದರೆ ಬಲಪಂಥಕ್ಕೆ ಲಾಭ’ ಎಂದು ಬಾಯಿ ಮುಚ್ಚಿಕೊಂಡವರನ್ನು ನಾನು ಕಂಡಿದ್ದೇನೆ. ಏಟು ತಿಂದವಳು ಯಾರ ಲಾಭನಷ್ಟದ ಲೆಕ್ಕಕ್ಕೆ ಕಾಯಬೇಕು?

ಕೆಜಿಎಫ್‌ನವರಿಗೆ ಇದು ಬೇರೆಯವರಿಗಿಂತ ಚೆನ್ನಾಗಿ ಅರ್ಥವಾಗಬೇಕು. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಈ ಊರಿನ ಒಲೆ ಉರಿಯುತ್ತಿರುವುದು ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ರೈಲುಗಳಿಂದ. ಬೆಳಕು ಹರಿಯುವ ಮೊದಲೇ ಚಾಂಪಿಯನ್ ರೀಫ್ಸ್, ಊರಿಗಾಂ, ಕೋರಮಂಡಲದ ಹೆಣ್ಣುಮಕ್ಕಳು ಡಬ್ಬಿ ಕಟ್ಟಿಕೊಂಡು ರೈಲು ಹತ್ತುತ್ತಾರೆ. ಗಾರ್ಮೆಂಟ್ಸ್, ಆಸ್ಪತ್ರೆ, ಅಂಗಡಿ, ಆಫೀಸುಗಳಲ್ಲಿ ದುಡಿದು ಕತ್ತಲಾದ ಮೇಲೆ ಬಂಗಾರಪೇಟೆ ದಾಟಿ ಮನೆ ಸೇರುತ್ತಾರೆ. ಇವರ ಸಂಬಳದಲ್ಲಿ ಅಣ್ಣತಮ್ಮಂದಿರ ಫೀಸು ತೀರುತ್ತದೆ, ಅಪ್ಪನ ಔಷಧಿ ಬರುತ್ತದೆ. ಹೀಗೆ ದುಡಿಯುವವಳು ರೈಲಿನಲ್ಲಿ ಯಾರ ಜೊತೆ ಕುಳಿತಳು, ಯಾರ ಬೈಕಿನಲ್ಲಿ ಬಂದಳು, ಅವಳ ಮನೆಗೆ ಯಾರು ಬಂದರು ಎಂದು ವಿಚಾರಣೆ ಮಾಡುವ ಅಧಿಕಾರ ರಾಬರ್ಟ್‌ಸನ್‌ಪೇಟೆಯ ಯಾವ ಮಸೀದಿ ಜಮಾತಿಗೂ ಇಲ್ಲ, ಯಾವ ಹಳ್ಳಿಯ ಅರಳಿಕಟ್ಟೆಗೂ ಇಲ್ಲ, ಯಾವ ಜಾತಿಯ ಯಜಮಾನನಿಗೂ ಇಲ್ಲ. ವಿವಾಹೇತರ ಸಂಬಂಧ ಈ ದೇಶದಲ್ಲಿ ಅಪರಾಧವೇ ಅಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದಂಡಸಂಹಿತೆಯಲ್ಲಿ ವ್ಯಭಿಚಾರವನ್ನು ಅಪರಾಧವೆಂದಿದ್ದ 497ನೇ ಕಲಮನ್ನು ರದ್ದು ಮಾಡಿತು. ಗಂಡನಿಗೆ ಅನುಮಾನವಿದ್ದರೆ ಕುಟುಂಬ ನ್ಯಾಯಾಲಯಕ್ಕೆ ಹೋಗಲಿ, ವಿಚ್ಛೇದನ ಕೇಳಲಿ.

ಜಮಾತಿನ ಹಿರಿಯರು ಗಂಡ ಹೆಂಡಿರ ಜಗಳ ಕೇಳಿ ಬುದ್ಧಿ ಹೇಳುವುದು ತಪ್ಪಲ್ಲ. ಬಡವರಿಗೆ ಕೋರ್ಟು ದೂರ, ವಕೀಲರ ಫೀಸು ಭಾರ. ಎಷ್ಟೋ ಸಂಸಾರಗಳು ಅಂಥ ಹಿರಿಯರ ಮಾತಿನಿಂದ ಉಳಿದಿವೆ. ಆದರೆ ಹೆಣ್ಣು ಒಪ್ಪದೆ ಕರೆಸುವುದು, ದಂಡ ಹಾಕುವುದು, ಕೈಯೆತ್ತುವುದು ಆದ ಕ್ಷಣಕ್ಕೆ ಅದು ಸಂಧಾನವಲ್ಲ, ಅಪರಾಧ. ಆ ಗೆರೆಯನ್ನು ಜಮಾತುಗಳೂ ಜಾತಿ ಸಂಘಗಳೂ ತಮ್ಮ ಕಚೇರಿಯ ಗೋಡೆಯ ಮೇಲೆ ಬರೆದು ಹಾಕಲಿ.

ಸರ್ಕಾರಕ್ಕೂ ಕೆಲಸವಿದೆ. ಮರ್ಯಾದೆಗೇಡು ಹತ್ಯೆಗಳನ್ನು ತಡೆಯುವ ಬಗ್ಗೆ 2018ರ ಮಾರ್ಚ್ 27ರಂದು ಕೊಟ್ಟ ಶಕ್ತಿ ವಾಹಿನಿ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಜಿಲ್ಲೆಗೂ ವಿಶೇಷ ಘಟಕ, ದಿನದ 24 ಗಂಟೆಯ ಸಹಾಯವಾಣಿ, ಜೀವಭಯವಿರುವ ಜೋಡಿಗಳಿಗೆ ಸುರಕ್ಷಿತ ಮನೆ ಬೇಕೆಂದು ನಿರ್ದೇಶನ ಕೊಟ್ಟಿತು. ಕಣ್ಣುಮುಚ್ಚಿ ಕುಳಿತ ಅಧಿಕಾರಿಗಳ ಮೇಲೆ ಕ್ರಮ ಆಗಬೇಕೆಂದೂ ಹೇಳಿತು. ಕೆಜಿಎಫ್‌ಗೆ ಪ್ರತ್ಯೇಕ ಪೊಲೀಸ್ ವರಿಷ್ಠಾಧಿಕಾರಿ ಇದ್ದಾರೆ. ಆ ಘಟಕ ಎಲ್ಲಿದೆ, ಸುರಕ್ಷಿತ ಮನೆಯ ವಿಚಾರ ಯಾರನ್ನು ಕೇಳಬೇಕು ಎಂಬುದನ್ನು ಮಾರಿಕುಪ್ಪಂನಿಂದ ಬಂಗಾರಪೇಟೆವರೆಗಿನ ಪ್ರತಿ ರೈಲು ನಿಲ್ದಾಣದಲ್ಲಿ, ಪ್ರತಿ ಕಾಲೇಜಿನಲ್ಲಿ ಕನ್ನಡ, ತಮಿಳು, ತೆಲುಗು, ಉರ್ದುವಿನಲ್ಲಿ ಹಾಕಿಸಲಿ. ನಮ್ಮ ಶಾಸಕರು ಇದನ್ನು ಮೊದಲು ಕೇಳಲಿ.

ಓದುಗರಲ್ಲಿ ನನ್ನ ಕೋರಿಕೆ ಒಂದೇ. ನಿಮ್ಮ ಬೀದಿಯಲ್ಲಿ, ಮಸೀದಿಯ ಅಂಗಳದಲ್ಲಾಗಲಿ ದೇವಸ್ಥಾನದ ಕಟ್ಟೆಯ ಮೇಲಾಗಲಿ, ಒಬ್ಬ ಹೆಂಗಸನ್ನು ನಡುವೆ ನಿಲ್ಲಿಸಿಕೊಂಡು ಗಂಡಸರು ನ್ಯಾಯ ಹೇಳಲು ಕೂತದ್ದು ಕಂಡರೆ, ವಿಡಿಯೊ ತೆಗೆಯುವ ಮೊದಲು 112ಕ್ಕೆ ಕರೆ ಮಾಡಿ. ಪೊಲೀಸರು ಬರುವವರೆಗೆ ಅವಳ ಪಕ್ಕದಲ್ಲಿ ಹೋಗಿ ನಿಲ್ಲಿ.