ಜೀರೋ ರಿಸ್ಕ್

ಬಳ್ಳಾರಿ ಸೀಮೆ ವ್ಯಾಪಾರದ ನಿಘಂಟಿಗೆ ಒಂದು ಪದ ಕೊಟ್ಟಿದೆ: ಜೀರೋ ರಿಸ್ಕ್. ಕೇಳಿದರೆ ಬ್ಯಾಂಕಿನವರ ಠೇವಣಿ ಯೋಜನೆ ಅನ್ನಿಸಬೇಕು. ಅದು ಕಳ್ಳಸಾಗಣೆಯ ಹೆಸರು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ 2011ರ ಜುಲೈ 27ರಂದು ಸರ್ಕಾರದ ಕೈಗಿಟ್ಟ ಗಣಿ ವರದಿಯಲ್ಲಿ, ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ ಕಡತ ಜಾಲಾಡಿ ತೆಗೆದ ವಿವರಗಳ ನಡುವೆ ಈ ಪದ ಕೂತಿದೆ. ಪರ್ಮಿಟ್ ಇಲ್ಲದ ಅದಿರು ಗಣಿಯಿಂದ ಹೊರಟು ದಾರಿ ದಾಟಬೇಕು. ದಾರಿಯಲ್ಲಿ ಚೆಕ್‌ಪೋಸ್ಟು, ಪೊಲೀಸು, ಆರ್‌ಟಿಓ, ಗಣಿ ಇಲಾಖೆ, ಅರಣ್ಯ ಇಲಾಖೆ. ಇಷ್ಟು ಅಂತ ಕೊಟ್ಟುಬಿಟ್ಟರೆ ಯಾರೂ ಕೈ ಅಡ್ಡ ಹಾಕುವುದಿಲ್ಲ. ಅಪಾಯ ಸೊನ್ನೆ.

ಲಂಚಕ್ಕೆ ನಾನು ಬೆರಗಾಗುವ ವಯಸ್ಸು ದಾಟಿದೆ. ಮಾಮೂಲು ಎಂಬ ಪದ ನಮ್ಮ ತಾತಂದಿರಿಗೂ ಗೊತ್ತಿತ್ತು. ನನ್ನ ಹೊಟ್ಟೆ ಉರಿಸುವುದು ಆ ಸೊನ್ನೆ. ಅಪಾಯವೆಂಬುದು ಸೊನ್ನೆಯಾಗುವ ಪದಾರ್ಥವೇ ಅಲ್ಲ. ಒಬ್ಬ ಹೆಗಲಿಂದ ಇಳಿಸಿದರೆ ಇನ್ನೊಬ್ಬನ ಹೆಗಲೇರುತ್ತದೆ, ಅಷ್ಟೆ. ಸಂಡೂರಿನ ಗುಡ್ಡದಲ್ಲಿ ಗಣಿಯವರು ಇಳಿಸಿದ್ದನ್ನು ಹೊತ್ತವರು ಯಾರು?

ಈ ಪ್ರಶ್ನೆ ನನಗೆ ಹತ್ತಿದ್ದು ಪಕ್ಕದ ಮನೆಯ ಹುಡುಗನಿಂದ. ಎಂಬಿಎ ಓದುತ್ತಾನೆ. ಒಂದು ಸಂಜೆ ಪುಸ್ತಕ ಹಿಡಿದು ಬಂದು, 'ಮಾಮ, ವ್ಯಾಪಾರದಾಗೆ ನೀತಿ ಅಂತ ಒಂದು ಪೇಪರ್ ಐತೆ. ಉದಾಹರಣೆ ಬರೀಬೇಕಂತೆ, ಒಂದು ಹೇಳ್ರಿ' ಅಂದ. ಅವನ ಪುಸ್ತಕದಲ್ಲಿ ಅಮೆರಿಕದ ಕಂಪನಿಗಳ ಕಥೆ ತುಂಬಿದ್ದವು. ನಮ್ಮ ಕುರುಗೋಡಿನಲ್ಲಿ ಕೂತು ಉದಾಹರಣೆಗೆ ಅಮೆರಿಕಕ್ಕೆ ಹೋಗಬೇಕೇನೋ ತಮ್ಮ, ಅಂದೆ.

ಪುಸ್ತಕದಲ್ಲಿ ದೊಡ್ಡವರೇ ಇದ್ದರು. ಮಿಲ್ಟನ್ ಫ್ರೀಡ್‌ಮನ್ ಎಂಬ ಅರ್ಥಶಾಸ್ತ್ರಜ್ಞ 1970ರಲ್ಲಿ ನ್ಯೂಯಾರ್ಕ್ ಟೈಮ್ಸ್ ಮ್ಯಾಗಜಿನ್‌ನಲ್ಲಿ, ವ್ಯಾಪಾರಕ್ಕೆ ಇರುವ ಸಾಮಾಜಿಕ ಹೊಣೆ ಲಾಭ ಹೆಚ್ಚಿಸುವುದೊಂದೇ ಎಂದು ಬರೆದ. ಆಟದ ನಿಯಮ ಮೀರಬಾರದು, ಮೋಸ ಕೂಡದು ಎಂಬ ಷರತ್ತನ್ನೂ ಹಾಕಿದ್ದ. ಬಳ್ಳಾರಿಯ ಗಣಿಯವರು ಲಾಭದ ಭಾಗ ಇಟ್ಟುಕೊಂಡು ಷರತ್ತನ್ನು ಕೈಬಿಟ್ಟರು. ಷರತ್ತೇ ಇಲ್ಲದ ಫ್ರೀಡ್‌ಮನ್ ಅಂದರೆ ದರೋಡೆಕೋರ. ಅದಕ್ಕೆ ಎಂಬಿಎ ಬೇಕಿಲ್ಲ.

ಬಳ್ಳಾರಿಗೆ ಆ ಲಾಭ ಬಂದದ್ದು ಹೀಗೆ. 2003ರ ಆಚೀಚೆ ಚೀನಾಕ್ಕೆ ಉಕ್ಕಿನ ಹಸಿವು ಹತ್ತಿತು. 2008ರ ಬೀಜಿಂಗ್ ಒಲಿಂಪಿಕ್ಸ್ ಕಟ್ಟಡಗಳು ಏಳತೊಡಗಿದವು. ಕೇಳುವವರಿಲ್ಲದೆ ಬಿದ್ದಿದ್ದ ಅದಿರಿನ ಪುಡಿಗೂ ಟನ್ನಿಗೆ ಸಾವಿರಗಟ್ಟಲೆ ರೂಪಾಯಿ ಬಂತು. ಸರ್ಕಾರಕ್ಕೆ ಬರುತ್ತಿದ್ದ ರಾಜಧನ 2009ರವರೆಗೂ ಟನ್ನಿಗೆ ಮೂವತ್ತು ರೂಪಾಯಿಗೂ ಕಡಿಮೆ. ಗುಡ್ಡ ನಾಡಿನದು, ದುಡ್ಡು ಲೀಸಿನವನದು. ಅಷ್ಟು ಸಿಕ್ಕರೂ ಸಾಲಲಿಲ್ಲ. 2006ರಿಂದ 2010ರೊಳಗೆ 2 ಕೋಟಿ 98 ಲಕ್ಷ ಟನ್ ಅದಿರು ಅಕ್ರಮವಾಗಿ ರಫ್ತಾಯಿತು, ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟವಾಯಿತು ಎಂದು ಲೋಕಾಯುಕ್ತರ ವರದಿ ಲೆಕ್ಕ ಹಾಕಿತು. ಬೇಲೆಕೇರಿ ಬಂದರಿನಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿಟ್ಟಿದ್ದ ಲಕ್ಷಗಟ್ಟಲೆ ಟನ್ ಅದಿರು 2010ರಲ್ಲಿ ಹಡಗು ಹತ್ತಿ ಹೋಯಿತು. ಹಿಡಿದುಕೊಟ್ಟ ಅಧಿಕಾರಿಯನ್ನೇ ಅಮಾನತು ಮಾಡಲು ಹೊರಟರು. ಹೆಗ್ಡೆಯವರು ಸಿಟ್ಟಿಗೆದ್ದು ರಾಜೀನಾಮೆ ಬರೆದರು. ಆಮೇಲೆ ಹಿಂದಕ್ಕೆ ಪಡೆದರು, ಅದು ಬೇರೆ ಕಥೆ. ಪೊಲೀಸು ಠಾಣೆಯ ಜಗಲಿ ಮೇಲಿಟ್ಟ ಕಳವಿನ ಮಾಲನ್ನು ಕಳ್ಳನೇ ಬಂದು ಹೊತ್ತೊಯ್ದರೆ ಅದಕ್ಕೆ ಕಳ್ಳತನ ಅನ್ನುವುದೂ ಮರ್ಯಾದೆ ಕೊಟ್ಟಂತೆ.

ಓಬಳಾಪುರದ ಗಡಿಯಲ್ಲಿ ಸುಗ್ಗಲಮ್ಮ ದೇವಿಯ ಗುಡಿ ಇತ್ತು. ಎರಡು ಶತಮಾನ ಹಳೆಯದೆಂದು ಜನ ಹೇಳುತ್ತಿದ್ದ ಗುಡಿ. 2006ರಲ್ಲಿ ಅದನ್ನು ಸಿಡಿಮದ್ದಿಟ್ಟು ಉಡಾಯಿಸಿದರು. ಕರ್ನಾಟಕ, ಆಂಧ್ರದ ಗಡಿಗುರುತುಗಳೇ ಅಳಿಸಿಹೋದವು. ದೇವರ ಹೆಸರಿನಲ್ಲಿ ಊರೂರು ರಣರಂಗ ಮಾಡುವವರು ಆ ದೇವಿಗಾಗಿ ಎಷ್ಟು ದಿನ ಬೀದಿಗಿಳಿದರು? ನನ್ನನ್ನು ನಾಸ್ತಿಕ ಅಂತ ಬೈಯುವವರು ಮೊದಲು ಇದಕ್ಕೆ ಉತ್ತರ ಕೊಡಲಿ. ದೇವಿಯ ಕಾಲಡಿ ಅದಿರಿತ್ತು, ಅದೇ ಅವಳ ತಪ್ಪು.

ಕುರುಗೋಡಿನಲ್ಲಿ ಕಬ್ಬಿಣದ ಗಣಿ ಇಲ್ಲ, ನಿನಗ್ಯಾಕೆ ಉರಿ ಅಂತ ಕೇಳುವವರಿದ್ದಾರೆ. ನಮ್ಮದು ಬಂಡೆಗುಡ್ಡ, ಎರೆ ಹೊಲ. ಸಿಂದರು ಆಳಿದ ಊರು. ಗುಡಿಯೊಳಗೆ ಏಕಶಿಲೆಯ ದೊಡ್ಡಬಸವ ಕಾಲು ಮಡಚಿ ಕೂತಿದ್ದಾನೆ, ಏಳುವ ಲಕ್ಷಣವಿಲ್ಲ. ಹತ್ತಿ, ಜೋಳ, ಮೆಣಸಿನಕಾಯಿ, ಕಾಲುವೆ ಕೆಳಗೆ ಭತ್ತ. ನಮಗೆ ಬಂದದ್ದು ಅದಿರಲ್ಲ, ಅದರ ಅಪಾಯ. ತೋರಣಗಲ್ಲು, ಕುಡತಿನಿ, ಬಳ್ಳಾರಿ ರಸ್ತೆಯಲ್ಲಿ ಆ ವರ್ಷಗಳಲ್ಲಿ ಓಡಾಡಿದವರನ್ನು ಕೇಳಿ. ಹೊರಲಾರದಷ್ಟು ತುಂಬಿದ ಲಾರಿಗಳು, ಕೆಂಪು ಧೂಳು, ಗುಂಡಿ, ಮತ್ತೆ ಲಾರಿ. ದಾರಿಬದಿಯ ಹತ್ತಿ ಬಿರಿಯುವ ಮೊದಲೇ ಕೆಂಪಾಗುತ್ತಿತ್ತು. ಬಿಳಿ ಪಂಚೆ ಉಟ್ಟು ಮದುವೆಗೆ ಹೊರಟವನು ಕಾವಿ ಉಟ್ಟಂತೆ ಇಳಿಯುತ್ತಿದ್ದ. ನಗೆಯ ಮಾತಲ್ಲ; ಅದೇ ಧೂಳು ಮಕ್ಕಳ ಎದೆಯೊಳಗೂ ಹೋಯಿತು. ಆ ಕೆಮ್ಮು ಯಾರ ಲೆಡ್ಜರಿನಲ್ಲಿದೆ?

ಇನ್ನು ನೀರು. ತುಂಗಭದ್ರಾ ಅಣೆಕಟ್ಟು ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು. ಈಗ 105ರ ಆಸುಪಾಸು. ಉಳಿದದ್ದರ ಜಾಗದಲ್ಲಿ ಹೂಳು. ಎಲ್ಲ ಹೂಳೂ ಗಣಿಯದ್ದಲ್ಲ, ಮಲೆನಾಡಿನಿಂದ ಹಿಡಿದು ಇಡೀ ಜಲಾನಯನದ ಮಣ್ಣು ಅಲ್ಲಿದೆ. ಅದು ನನಗೂ ಗೊತ್ತು. ಆದರೆ ಕಾಡು ಬೋಳಿಸಿ, ಅಗೆದ ಮಣ್ಣನ್ನು ಹಳ್ಳದ ದಂಡೆಗೆ ಸುರಿದು, ಮಳೆಗೆ ಬಿಟ್ಟುಕೊಟ್ಟು ಹೋದವನು ಮುಗ್ಧನಾಗುವುದು ಹೇಗೆ? 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೇ ಗೇಟಿನ ಸರಪಳಿ ಹರಿದು ನೀರು ಹೊಳೆಗೆ ಹರಿದು ಹೋಗುವಾಗ, ನಮ್ಮ ಕಡೆ ಯಾರೂ ನಿದ್ದೆ ಮಾಡಲಿಲ್ಲ. ಹೂಳು ತುಂಬಿದ ಗಡಿಗೆಯಲ್ಲಿ ಒಂದೊಂದು ಬೊಗಸೆಯೂ ಲೆಕ್ಕದ್ದು.

ಹುಡುಗನ ಪುಸ್ತಕದಲ್ಲಿ ಕಾಂಟ್ ಇದ್ದ. ಮನುಷ್ಯನನ್ನು ಕೇವಲ ಸಾಧನವಾಗಿ ಬಳಸಬಾರದೆಂದು 1785ರಲ್ಲೇ ಬರೆದವನು. ಬೆಂಥಮ್ ಇದ್ದ. ಹೆಚ್ಚು ಜನರಿಗೆ ಹೆಚ್ಚು ಸುಖ ಎಂಬ ಅವನ ತಕ್ಕಡಿ ನೋಡಲು ಚೆನ್ನ. ಗಣಿಯವರೂ ಅದನ್ನೇ ಹಿಡಿದು ಬರುತ್ತಾರೆ: ಉದ್ಯೋಗ ಬಂತು, ಲಾರಿ ಬಂತು, ಡಾಬಾ ಬಂತು, ಊರು ಬೆಳೆಯಿತು. ತಕ್ಕಡಿಯೇನೋ ಸರಿ, ತಟ್ಟೆಯಲ್ಲಿ ಯಾರನ್ನು ಕೂರಿಸಿದ್ದೀರಿ? ಧೂಳು ಕುಡಿದವನನ್ನು ಕೂರಿಸಿದಿರಾ? ಇನ್ನೂ ಹುಟ್ಟದ ಮಗುವನ್ನು? ಗಣಿ ದೊರೆಗಳ ಹೆಲಿಕಾಪ್ಟರು ಇಳಿಯುವಾಗ ಕೈಬೀಸಿದ ಮಕ್ಕಳಿಗೆ ಸುಖ ಆಯಿತು ಅಂತ ಬರೆದುಕೊಂಡರೆ ಬೆಂಥಮ್ ಕೂಡ ಓಡಿಹೋದಾನು. ನಮ್ಮಲ್ಲೇ ಕಾಯಕ, ದಾಸೋಹ ಎಂಬ ಎರಡು ಮಾತಿದ್ದವು. ದುಡಿ, ಹಂಚು. ಈಗ ಬಸವಣ್ಣನ ಪಟ ಗಲ್ಲಾಪೆಟ್ಟಿಗೆಯ ಹಿಂದೆ ನೇತಾಡುತ್ತಿದೆ. ಕಣ್ಣು ಗೋಡೆ ಕಡೆ ತಿರುಗಿಸಿ ನೇತುಹಾಕಿದ್ದರೆ ಅವನಿಗಾದರೂ ಉಪಕಾರವಾಗುತ್ತಿತ್ತು.

ಕೊನೆಗೆ ಸುಪ್ರೀಂ ಕೋರ್ಟು ಎದ್ದಿತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಹಾಕಿದ ಅರ್ಜಿಯ ಮೇಲೆ, 2011ರ ಜುಲೈ 29ರಂದು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿಗೆ ನಾನು ಕೈಮುಗಿಯುತ್ತೇನೆ. ಅದಿಲ್ಲದಿದ್ದರೆ ಸಂಡೂರು ಇವತ್ತು ನಕಾಶೆಯಲ್ಲಿ ಒಂದು ಗುಂಡಿಯಾಗಿರುತ್ತಿತ್ತು. ಕೈಮುಗಿದೇ ಒಂದು ಮಾತು ಹೇಳುತ್ತೇನೆ. ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಲೀಸಿನ ಗಡಿ ದಾಟಿ ಹತ್ತು ಶೇಕಡಾದವರೆಗೆ ಅಗೆದವನು, ಹದಿನೈದು ಶೇಕಡಾದವರೆಗೆ ಮಣ್ಣು ಸುರಿದವನು ಬಿ. ಅಕ್ರಮ ಗುಂಡಿಗೆ ಹೆಕ್ಟೇರಿಗೆ 5 ಕೋಟಿ, ಅಕ್ರಮ ಡಂಪಿಗೆ 1 ಕೋಟಿ ಕಟ್ಟು, ಮತ್ತೆ ಶುರುಮಾಡು. ಪಕ್ಕದವನ ಹೊಲದಲ್ಲಿ ಹತ್ತಕ್ಕೊಂದು ಸಾಲು ಒತ್ತುವರಿ ಮಾಡಿದವನನ್ನು ನಮ್ಮ ಊರ ಪಂಚಾಯ್ತಿ ಬಿ ದರ್ಜೆ ಅಂತ ಕರೆದಿದ್ದರೆ ಹೊಡೆದಾಟ ಆಗುತ್ತಿತ್ತು. ಮಿತಿ ಮೀರಿದ ಸುಮಾರು ಐವತ್ತು ಲೀಸುಗಳು ಮಾತ್ರ ಸಿ, ಅವು ರದ್ದು. ಬಾಕಿಯವರ ಅಪಾಯಕ್ಕೆ ಮತ್ತೆ ದರ ನಿಗದಿಯಾಯಿತು. ಮೊದಲು ಚೆಕ್‌ಪೋಸ್ಟಿಗೆ ಕೊಡುತ್ತಿದ್ದರು, ಈಗ ರಸೀದಿ ಬರುತ್ತದೆ.

ಪರಿಸರ ಪುನಶ್ಚೇತನಕ್ಕೆಂದು 2014ರಲ್ಲಿ ನಿಗಮ ಮಾಡಿದರು. ಸುಮಾರು 25 ಸಾವಿರ ಕೋಟಿಯ ಯೋಜನೆಗೆ 2022ರಲ್ಲಿ ಕೋರ್ಟು ಒಪ್ಪಿತು. ತೀರ್ಪಿಗೂ ಒಪ್ಪಿಗೆಗೂ ನಡುವೆ ಒಂಬತ್ತು ವರ್ಷ. ಅಷ್ಟರಲ್ಲಿ ಒಂದು ಕೂಸು ನಾಲ್ಕನೇ ಇಯತ್ತೆ ಮುಗಿಸುತ್ತದೆ. ಅದೇ 2022ರಲ್ಲಿ ಅಗೆಯುವ ಮಿತಿ ಏರಿಸಲು, ಮತ್ತೆ ರಫ್ತು ಮಾಡಲು ಅನುಮತಿ ಸಿಕ್ಕಿತು. ಗಾಯಕ್ಕೆ ಹಚ್ಚುವ ಮುಲಾಮು, ಮತ್ತೆ ಕೊಯ್ಯುವ ಕತ್ತಿ, ಎರಡೂ ಒಂದೇ ವರ್ಷ ಬಂದವು.

ಇವೆಲ್ಲ ಅಕ್ರಮದ ಕಥೆ. ಸಕ್ರಮದ ಕಥೆ ಬೇಕಾದರೆ ಕುಡತಿನಿಗೆ ಬನ್ನಿ. 2010ರ ಜಾಗತಿಕ ಹೂಡಿಕೆದಾರರ ಸಮಾವೇಶದಲ್ಲಿ ಆರ್ಸೆಲರ್‌ಮಿತ್ತಲ್ 30 ಸಾವಿರ ಕೋಟಿಯ ಉಕ್ಕಿನ ಕಾರ್ಖಾನೆಗೆ ಸಹಿ ಹಾಕಿತು. ಕುಡತಿನಿ, ಹರಗಿನದೋಣಿ, ವೇಣಿವೀರಾಪುರ, ಜಾನೆಕುಂಟೆ ಸೀಮೆಯಲ್ಲಿ ಮೂರು ಕಂಪನಿಗಳಿಗೆಂದು ಸರ್ಕಾರದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಅಂದರೆ ಕೆಐಎಡಿಬಿ, 12 ಸಾವಿರ ಎಕರೆಗೂ ಹೆಚ್ಚು ಭೂಮಿ ತೆಗೆದುಕೊಂಡಿತು. ಉಕ್ಕು ಕರಗಲಿಲ್ಲ, ಹೊಗೆಯೂ ಏಳಲಿಲ್ಲ. ಪೇಟೆಯಲ್ಲಿ ಉಕ್ಕಿನ ದರ ಬಿದ್ದರೆ ಕಂಪನಿ ಕಾಯಬಹುದು. ಹೊಲ ಕೊಟ್ಟವನು ಎಲ್ಲಿ ಕಾಯಬೇಕು? 2022ರ ಡಿಸೆಂಬರಿನಿಂದ ಅಲ್ಲಿ ರೈತರು ಧರಣಿ ಕೂತರು: ಕಾರ್ಖಾನೆ ಕಟ್ಟಿ, ಇಲ್ಲ ಭೂಮಿ ವಾಪಸ್ ಕೊಡಿ, ಕೋರ್ಟು ಹೇಳಿದ ಬೆಲೆಯಾದರೂ ಕೊಡಿ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ, ಐದು ವರ್ಷ ಬಳಸದ ಭೂಮಿಯನ್ನು ಹಿಂದಿರುಗಿಸುವ ಮಾತಿದೆ. ಇವರ ಹೊಲ ಹೋದದ್ದು 1966ರ ಕೆಐಎಡಿ ಕಾಯ್ದೆಯಡಿ. ಕಾಯ್ದೆ ಬೇರೆ, ಕಣ್ಣೀರೂ ಬೇರೆ ಅಂತ ತಿಳಿದುಕೊಳ್ಳಬೇಕೇನೋ.

ಇದರಲ್ಲಿ ಕಂಪನಿ ಯಾವ ನಿಯಮವನ್ನೂ ಮುರಿದಿಲ್ಲ ಅನ್ನುತ್ತಾರೆ. ಇರಬಹುದು. ಅದಕ್ಕೇ ನನಗೆ ಹೆಚ್ಚು ಭಯ. ಮುಂದೆ ಯಾವಾಗಲಾದರೂ ಸಿಎಸ್‌ಆರ್ ಅಂತ ಒಂದು ಬಸ್ ಶೆಲ್ಟರ್ ಬರುತ್ತದೆ. ಲಾಭದ ನೂರಕ್ಕೆ ಎರಡು ರೂಪಾಯಿ ಖರ್ಚು ಮಾಡೆಂದು 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳಿಗೆ ಹೇಳಿದೆಯಲ್ಲ. ಹೊಲ ಕಳೆದುಕೊಂಡವನು ಆ ನೆರಳಲ್ಲಿ ಕೂತು ಗುಳೆ ಹೋಗುವ ಬಸ್ಸಿಗೆ ಕಾಯಬಹುದು.

ಅದೇ ಕುಡತಿನಿ ಹತ್ತಿರ ಬೂದಿಕಣಿವೆ ಇದೆ. ಭೀಮ ಕೊಂದ ಹಿಡಿಂಬಾಸುರನ ಬೂದಿ ಅಂತ ಹಿರಿಯರು ಹೇಳುತ್ತಿದ್ದರು. ಪ್ರಾಕ್ತನ ಶಾಸ್ತ್ರದವರು ಬೇರೆ ಹೇಳುತ್ತಾರೆ: ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ದನ ಕಾಯುವವರು ದೊಡ್ಡಿಯ ಸಗಣಿ ಸುಟ್ಟ ದಿಬ್ಬ ಅದು. ಬಳ್ಳಾರಿ ಪಕ್ಕದ ಸಂಗನಕಲ್ಲು ಗುಡ್ಡದಲ್ಲಿ ಆ ಕಾಲದವರೇ ಕಲ್ಲಿನ ಕೊಡಲಿ ಮಾಡುತ್ತಿದ್ದರು. ಬಡಿದರೆ ಗಂಟೆಯಂತೆ ಮೊಳಗುವ ಬಂಡೆಗಳಿದ್ದವು, ಮೇಲೆ ಅವರು ಕೊರೆದ ಚಿತ್ರಗಳು. ಕಲ್ಲು ಕ್ವಾರಿಯವರು ಆ ಗುಡ್ಡಕ್ಕೂ ಕೈ ಹಾಕಿದರು. ರವಿ ಕೋರಿಶೆಟ್ಟರಂಥ ವಿದ್ವಾಂಸರು ವರ್ಷಗಟ್ಟಲೆ ಕೂಗಿಕೊಂಡ ಮೇಲೆ ಒಂದಿಷ್ಟು ಉಳಿಯಿತು. ನಾಲ್ಕು ಸಾವಿರ ವರ್ಷ ಮೊಳಗಿದ ಬಂಡೆ ಒಂದು ಮಧ್ಯಾಹ್ನಕ್ಕೆ ಜಲ್ಲಿಯಾಗುತ್ತದೆ. ಜಲ್ಲಿ ಲೋಡಿಗೆ ಎಷ್ಟು, ಅದು ಎಲ್ಲರಿಗೂ ಗೊತ್ತು.

ಹುಡುಗ ಇಷ್ಟೂ ಬರೆದುಕೊಂಡ. ಐದು ಅಂಕಕ್ಕೆ ಜಾಸ್ತಿ ಆಯ್ತು ಅಂದ. ಅಷ್ಟರಲ್ಲಿ ಅವರ ಮನೆಯ ಮುಂದೆ ಟೆಂಪೋ ಬಂದು ನಿಂತಿತ್ತು. ಒಣಮೆಣಸಿನಕಾಯಿ ಚೀಲ ಬ್ಯಾಡಗಿ ಮಾರುಕಟ್ಟೆಗೆ ಹೊರಟಿದ್ದವು. 2024ರ ಮಾರ್ಚಿನಲ್ಲಿ ದರ ಕುಸಿದಾಗ ಆ ಮಾರುಕಟ್ಟೆಗೆ ಬೆಂಕಿ ಬಿತ್ತು. ಮಾಲು ತಂದ ರೈತರ ಮೇಲೆ ಕೇಸಾದವು. ಅಷ್ಟು ಹೊತ್ತಿಗೆ ಗಣಿ ದೊರೆಗಳ ಕೇಸುಗಳು ಯಾವ ಕೋರ್ಟಿನ ಯಾವ ಮಹಡಿಯಲ್ಲಿದ್ದವೋ. ಬೀಜಕ್ಕೆ ಸಾಲ, ಗೊಬ್ಬರಕ್ಕೆ ಸಾಲ, ಔಷಧಿಗೆ ಸಾಲ. ಮಳೆ ಬಂದರೂ ಭಯ, ಬಾರದಿದ್ದರೂ ಭಯ. ಈ ವ್ಯಾಪಾರದಲ್ಲಿ ಇಷ್ಟು ಕೊಟ್ಟುಬಿಟ್ಟರೆ ಅಪಾಯ ಸೊನ್ನೆ ಅಂತ ಹೇಳುವವರು ಯಾರೂ ಇಲ್ಲ.

ಅವರವ್ವ ಚೀಲದ ಬಾಯಿ ಹೊಲಿಯುತ್ತಾ ಮಗನನ್ನು ಕೇಳಿದಳು, 'ಫೋನಿನಾಗೆ ನೋಡೋ, ಇವತ್ತು ರೇಟು ಎಷ್ಟೈತೆ?'

ಅವನು ನೋಡಿದ, ಫೋನು ಕಿಸೆಗೆ ಹಾಕಿದ. 'ಅಲ್ಲಿಗೆ ಹೋದ್ಮೇಲೆ ಗೊತ್ತಾಗ್ತೈತಮ್ಮ' ಅಂದು ಟೆಂಪೋ ಹತ್ತಿದ.