ತಾಯಂದಿರ ಊರೂ ನೆನಪಿರಲಿ

'ನಮ್ಮ ಹಿರಿಯರು ಪರ್ಷಿಯಾದ ಶಿರಾಝ್‌ನಿಂದ ಹಡಗಲ್ಲಿ ಬಂದವರು' ಎಂಬ ಮಾತು ಪೂರ್ವ ಆಫ್ರಿಕ ಕರಾವಳಿಯ ಸ್ವಾಹಿಲಿ ಮುಸ್ಲಿಮರಲ್ಲಿ ಹಿಂದಿನಿಂದಲೂ ಇದೆ. ಇದೆಲ್ಲ ಬರೀ ಕತೆ ಎಂದವರೂ ಇದ್ದರು. 2023ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಬೇರೆಯೇ ಹೇಳಿತು.

ಅಲ್ಲಿ 1250ರಿಂದ 1800ರ ನಡುವೆ ಬಾಳಿದ 80 ಮಂದಿಯ ಅವಶೇಷಗಳ ಡಿಎನ್‌ಎ ಪರೀಕ್ಷಿಸಲಾಯಿತು. ಸುಮಾರು ಕ್ರಿ.ಶ. 1000ಕ್ಕೇ ಏಷ್ಯಾ ಮತ್ತು ಆಫ್ರಿಕದವರ ನಡುವೆ ಸಂಬಂಧ ಬೆಳೆದಿತ್ತು. ಏಷ್ಯಾದ ಪಾಲಿನಲ್ಲಿ ಶೇ. 80-90 ಪರ್ಷಿಯಾದ ಗಂಡಸರದು, ಭಾರತದ್ದೂ ಸ್ವಲ್ಪವಿದೆ. ಅಂದರೆ ಹಿರಿಯರ ಮಾತು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಕರಾವಳಿ ಪಟ್ಟಣಗಳ ಹಲವರಲ್ಲಿ ಅರ್ಧಕ್ಕಿಂತ ಹೆಚ್ಚು ಡಿಎನ್‌ಎ ಆಫ್ರಿಕದ್ದು, ಅದೂ ಮುಖ್ಯವಾಗಿ ಹೆಂಗಸರಿಂದ ಬಂದದ್ದು. ಮಕ್ಕಳ ನಾಲಿಗೆಗೆ ಬಂದದ್ದೂ ಪರ್ಷಿಯನ್ ಅಲ್ಲ, ಆ ನೆಲದ ಬಂಟು ಭಾಷೆಯೇ.

ನಾವೂ ಅರಬ್ ವ್ಯಾಪಾರಿಗಳ ಕತೆಯನ್ನು ಅಭಿಮಾನದಿಂದ ಹೇಳುತ್ತೇವೆ, ಹೇಳೋಣ. ಆದರೆ ಬ್ಯಾರಿ ಭಾಷೆಯಲ್ಲಿ ಅರಬಿ ಪದಗಳೆಷ್ಟೇ ಇರಲಿ, ಬೇರು ದ್ರಾವಿಡವೇ. ಹಡಗು ಹತ್ತಿ ಬಂದವರ ಹೆಸರು ಉಳಿಯಿತು. ಮನೆ ಕಟ್ಟಿ, ಮಕ್ಕಳಿಗೆ ಮಾತು ಕಲಿಸಿದ ಉಮ್ಮಂದಿರ ಹೆಸರು ಯಾರ ಬಾಯಲ್ಲೂ ಇಲ್ಲ. ಮಕ್ಕಳು 'ನಾವು ಎಲ್ಲಿಯವರು' ಅಂತ ಕೇಳಿದರೆ ಎರಡೂ ಕಡೆಯದನ್ನು ಹೇಳಿ.