ಕಪ್ಪು ಬಿಳುಪಿಗೂ ಬಣ್ಣದ ಲೆಕ್ಕ

ತಂದೆಯವರು ಓದಿದ ಕಾಸರಗೋಡಿನ ಕನ್ನಡ ಶಾಲೆಯ ಹಳೆಯ ಸಮೂಹಚಿತ್ರವೊಂದನ್ನು ಈಚೆಗೆ ಸ್ಕ್ಯಾನ್ ಮಾಡಿಸಿದೆ. ಸ್ಟುಡಿಯೋದ ಕಂಪ್ಯೂಟರಿನಲ್ಲಿ ಎಲ್ಲ ಮುಖಗಳೂ ಸ್ಪಷ್ಟವಾಗಿದ್ದವು. ಮೊಬೈಲಿನಲ್ಲಿ ತೆರೆದಾಗ ಹಿಂದಿನ ಸಾಲಿನ ಮಕ್ಕಳು ಕತ್ತಲಲ್ಲಿ ಮುಳುಗಿದ್ದರು. ಆ ಸಾಲಿನಲ್ಲೇ ತಂದೆಯವರಿದ್ದರು.

ದೋಷ ಚಿತ್ರದ್ದಲ್ಲ, ಉಳಿಸಿದ ಕ್ರಮದ್ದು. ಇಂತಹ ಕಡತದಲ್ಲಿರುವುದು 0ಯಿಂದ 255ರವರೆಗಿನ ಅಂಕಿಗಳು. ಯಾವ ಅಂಕಿಗೆ ಎಷ್ಟು ಬೆಳಕೆಂದು ತಿಳಿಸುವುದು ಅದರೊಡನಿರುವ ಪ್ರೊಫೈಲ್. ನಮ್ಮ ಚಿತ್ರವನ್ನು ಗ್ರೇಸ್ಕೇಲಿನಲ್ಲಿ, ಮುದ್ರಣಕ್ಕೆ ಹೊಂದುವ ‘ಡಾಟ್ ಗೇನ್ 20%’ ಪ್ರೊಫೈಲಿನೊಡನೆ ಉಳಿಸಲಾಗಿತ್ತು. ಮೊಬೈಲಿನ ತಂತ್ರಾಂಶ ಅದನ್ನು ಗಮನಿಸದೆ ಅಂಕಿಗಳನ್ನು ತನ್ನ ಅಳತೆಯಲ್ಲೇ ಓದಿತು, ಚಿತ್ರ ಕಪ್ಪಿಟ್ಟಿತು. ವ್ಯಾಖ್ಯೆಯ ಕಲಮನ್ನು ಬಿಟ್ಟು ಕಾಯಿದೆಯನ್ನು ಓದಿದರೆ ಆಗುವ ಅನರ್ಥವೂ ಇಂಥದೇ.

ಪರಿಹಾರ ಸುಲಭ. ಹಂಚುವ ಪ್ರತಿಯನ್ನು ಎಸ್‌ಆರ್‌ಜಿಬಿ ಪ್ರೊಫೈಲಿಗೆ ‘ಕನ್ವರ್ಟ್’ ಮಾಡಿಸಿರಿ. ಆಗ ನೋಟ ಉಳಿಯುವಂತೆ ಅಂಕಿಗಳು ಬದಲಾಗುತ್ತವೆ. ‘ಅಸೈನ್’ ಮಾಡಿದರೆ ಅಂಕಿಗಳು ಉಳಿದು ನೋಟವೇ ಬದಲಾಗುತ್ತದೆ. ಪ್ರೊಫೈಲನ್ನು ಕಡತದೊಳಗೆ ಸೇರಿಸುವಂತೆಯೂ ಹೇಳಿರಿ. ಮೂಲ ಸ್ಕ್ಯಾನನ್ನು ಟಿಫ್ ರೂಪದಲ್ಲಿ, ತಿದ್ದದೆ, ಬೇರೆಯೇ ಕಾಪಾಡಿರಿ.

ಈ ನೆಲದಲ್ಲಿ ಕನ್ನಡ ಕಲಿತವರು ಯಾರೆಂಬುದಕ್ಕೆ ಇಂತಹ ಚಿತ್ರಗಳೂ ಸಾಕ್ಷಿ. ಹಿಂದಿನ ಸಾಲಿನ ಸಾಕ್ಷಿಯನ್ನು ನಾವೇ ಅಳಿಸಬಾರದು.